ಕಾಡುಬಸಳೆಯ ಹುಳಿ, ಒಂಟೆಯ ಮೈಬಿಸಿ: ಮರುಭೂಮಿಯ ನೀರಿನ ಲೆಕ್ಕ

ಮೇ ತಿಂಗಳಲ್ಲಿ ಊರಿಗೆ ಹೋಗಿ ಮುಂಬೈಗೆ ಮರಳುವ ವಿಜಯಪುರ, ಕಲಬುರಗಿ ಕಡೆಯವರ ಬಾಯಲ್ಲಿ ಪ್ರತಿ ವರ್ಷವೂ ಒಂದು ಮಾತು ಕೇಳಿಬರುತ್ತದೆ: ಅಲ್ಲಿ 42 ಡಿಗ್ರಿ ಬಿಸಿಲಿದ್ದರೂ ಬೇವಿನ ನೆರಳಿಗೆ ಬಂದು ಕುಳಿತರೆ ಜೀವ ತಂಪಾಗುತ್ತದೆ, ಇಲ್ಲಿ 34 ಡಿಗ್ರಿಗೇ ಅಂಗಿ ಬೆನ್ನಿಗೆ ಅಂಟಿ ಉಸಿರು ಕಟ್ಟುತ್ತದೆ. ನಮ್ಮ ಮನೆಯಲ್ಲೂ ಇದಕ್ಕೊಂದು ಸಾಕ್ಷಿಯಿದೆ. ಊರಿನ ಕುಂಬಾರರಿಂದ ಕೊಂಡು, ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದ ಮಣ್ಣಿನ ಗಡಿಗೆ ಮುಲುಂಡಿನ ಅಡುಗೆಮನೆಯಲ್ಲಿ ಎರಡು ಬೇಸಿಗೆ ಕಳೆದಿದೆ. ಊರಿನಲ್ಲಿ ಹಲ್ಲು ಜುಮ್ಮೆನ್ನುವಷ್ಟು ನೀರು ತಣಿಸುವ ಅಂಥದೇ ಗಡಿಗೆ ಇಲ್ಲಿ ನಲ್ಲಿಯ ನೀರಿಗಿಂತ ತುಸು ತಂಪು ಎನ್ನುವಷ್ಟಕ್ಕೇ ನಿಂತುಬಿಟ್ಟಿದೆ. ಗಡಿಗೆಯಲ್ಲಿ ದೋಷವೇನಿಲ್ಲ, ಸುತ್ತಲಿನ ಗಾಳಿ ಬೇರೆ.

ಈ ವ್ಯತ್ಯಾಸ ಕೇವಲ ಹಿತ ಅಹಿತದ ಮಾತಾಗಿ ಉಳಿದಿಲ್ಲ. 2023ರ ಏಪ್ರಿಲ್ 16ರಂದು ನವಿ ಮುಂಬೈಯ ಖಾರಘರದ ಬಯಲಿನಲ್ಲಿ ನಡೆದ ಸಮಾರಂಭದಲ್ಲಿ ಬಿಸಿಲಿಗೆ ಕುಳಿತಿದ್ದವರ ಪೈಕಿ ಹತ್ತಕ್ಕೂ ಹೆಚ್ಚು ಮಂದಿ ಬಿಸಿಲಾಘಾತದಿಂದ ಸತ್ತಾಗ ಆ ಭಾಗದ ಉಷ್ಣಾಂಶ ಸುಮಾರು 38 ಡಿಗ್ರಿಯಷ್ಟಿತ್ತು. ರಾಜಸ್ಥಾನದ ಫಲೋದಿಯಲ್ಲಿ 2016ರ ಮೇ 19ರಂದು 51 ಡಿಗ್ರಿ ದಾಖಲಾಗಿದೆ, ಆದರೂ ಆ ಸೀಮೆಯಲ್ಲಿ ಬನ್ನಿಮರ ಚಿಗುರುತ್ತದೆ, ಚಿಂಕಾರ ಮರಿ ಹಾಕುತ್ತದೆ, ಒಂಟೆ ಭಾರ ಹೊರುತ್ತದೆ. ಅದು ಹೇಗೆಂದು ತಿಳಿಯಬೇಕಾದರೆ ಬಿಸಿಯನ್ನೂ ನೀರನ್ನೂ ಒಂದೇ ಖಾತೆಯ ಎರಡು ಬದಿಗಳೆಂದು ನೋಡಬೇಕಾಗುತ್ತದೆ.

ಮರುಭೂಮಿ ಎಂದು ಯಾವುದನ್ನು ಕರೆಯುತ್ತಾರೆ

ಮರುಭೂಮಿ ಎಂದೊಡನೆ ನಮಗೆ ಮರಳೂ ಬಿಸಿಲೂ ನೆನಪಾಗುತ್ತವೆ. ಭೂಗೋಳಶಾಸ್ತ್ರದ ಅಳತೆ ಮಾತ್ರ ಮಳೆಯದು: ವರ್ಷಕ್ಕೆ ಸುಮಾರು 250 ಮಿಲಿಮೀಟರಿಗಿಂತ ಕಡಿಮೆ ಮಳೆ ಬೀಳುವ ನೆಲವನ್ನು ಸಾಮಾನ್ಯವಾಗಿ ಮರುಭೂಮಿ ಎನ್ನುತ್ತಾರೆ. ಈ ಅಳತೆಯಲ್ಲಿ ಹಿಮ ಮುಚ್ಚಿದ ಅಂಟಾರ್ಕ್ಟಿಕವೂ ಮರುಭೂಮಿಯೇ. ಆದ್ದರಿಂದಲೇ ಥಾರ್, ಸಹಾರಾ, ಉತ್ತರ ಅಮೆರಿಕದ ಸೊನೋರಾಗಳಂಥವನ್ನು ಬಿಸಿ ಮರುಭೂಮಿಗಳೆಂದು ಬೇರೆ ಮಾಡಿ ಹೇಳುತ್ತಾರೆ. ಜೈಸಲ್ಮೇರಿನಲ್ಲಿ ವರ್ಷವಿಡೀ ಸುರಿಯುವ ಮಳೆ 200 ಮಿಲಿಮೀಟರಿನ ಆಸುಪಾಸಿನದು. 2005ರ ಜುಲೈ 26ರಂದು ಮುಂಬೈಯ ಸಾಂತಾಕ್ರೂಜಿನಲ್ಲಿ ಇಪ್ಪತ್ನಾಲ್ಕು ಗಂಟೆಗಳಲ್ಲಿ 944 ಮಿಲಿಮೀಟರ್ ಸುರಿದಿತ್ತು. ಅಂದು ಸೊಂಟದುದ್ದದ ನೀರಿನಲ್ಲಿ ನಡೆದು ಮನೆ ಸೇರಿದವರು ಜೈಸಲ್ಮೇರಿನ ನಾಲ್ಕು ವರ್ಷಗಳಿಗೂ ಹೆಚ್ಚಿನ ಮಳೆಯನ್ನು ಒಂದೇ ದಿನದಲ್ಲಿ ಕಂಡಿದ್ದರು.

ದೊಡ್ಡ ಬಿಸಿ ಮರುಭೂಮಿಗಳಲ್ಲಿ ಬಹುಪಾಲು ಭೂಮಧ್ಯರೇಖೆಯಿಂದ ಉತ್ತರಕ್ಕೂ ದಕ್ಷಿಣಕ್ಕೂ 30 ಡಿಗ್ರಿ ಅಕ್ಷಾಂಶದ ಸುತ್ತಮುತ್ತ ಇವೆ. ಭೂಮಧ್ಯರೇಖೆಯ ಬಳಿ ಮೇಲೇರಿ, ತನ್ನ ನೀರನ್ನೆಲ್ಲ ಅಲ್ಲೇ ಮಳೆಯಾಗಿ ಸುರಿಸಿದ ಗಾಳಿ ಈ ಪಟ್ಟಿಯಲ್ಲಿ ಕೆಳಗಿಳಿಯುತ್ತದೆ. ಇಳಿಯುವಾಗ ಒತ್ತಡಕ್ಕೆ ಸಿಕ್ಕಿ, ಸೈಕಲ್ ಪಂಪಿನ ತುದಿ ಬಿಸಿಯಾಗುವ ಹಾಗೆ, ಬಿಸಿಯಾಗುತ್ತದೆ. ಒಣಗಿದ, ಬಿಸಿಯಾದ ಆ ಗಾಳಿಯಲ್ಲಿ ಮೋಡ ಕಟ್ಟುವುದು ಕಷ್ಟ. ಮೋಡವಿಲ್ಲದ ಆಕಾಶ ಹಗಲಿನ ಬಿಸಿಲನ್ನು ತಡೆಯುವುದಿಲ್ಲ, ರಾತ್ರಿ ನೆಲದ ಬಿಸಿಯನ್ನು ಹಿಡಿದಿಡುವುದೂ ಇಲ್ಲ. ಹಾಗಾಗಿ ಅಲ್ಲಿ ಹಗಲು ಕುಲುಮೆಯಾದರೂ ರಾತ್ರಿಗೆ ಕಂಬಳಿ ಬೇಕಾಗುವುದುಂಟು. ಈ ಹಗಲು ರಾತ್ರಿಗಳ ಅಂತರವನ್ನು ಅಲ್ಲಿನ ಜೀವಿಗಳು ಬಂಡವಾಳ ಮಾಡಿಕೊಂಡ ಬಗೆಯನ್ನು ಮುಂದೆ ನೋಡಲಿದ್ದೇವೆ.

ಗಡಿಗೆ ನೀರು ತಣಿಸುವ ಬಗೆ

ನೀರು ಆವಿಯಾಗಬೇಕಾದರೆ ಶಾಖ ಬೇಕು, ಆ ಶಾಖವನ್ನು ಅದು ತಾನಿರುವ ಮೈಯಿಂದಲೇ ಕೀಳುತ್ತದೆ. ಒಂದು ಲೀಟರ್ ಬೆವರು ಚರ್ಮದ ಮೇಲೆ ಪೂರ್ತಿಯಾಗಿ ಆವಿಯಾದರೆ ದೇಹದಿಂದ ಸುಮಾರು 580 ಕಿಲೋ ಕ್ಯಾಲರಿ ಶಾಖ ಹೊರಹೋಗುತ್ತದೆ, ಅಂದರೆ 58 ಲೀಟರ್ ನೀರಿನ ಉಷ್ಣಾಂಶವನ್ನು 10 ಡಿಗ್ರಿ ಇಳಿಸಿದಷ್ಟು. ಗಡಿಗೆಯ ಸಣ್ಣ ರಂಧ್ರಗಳಿಂದ ಜಿನುಗುವ ನೀರು ಮಾಡುವುದೂ ಇದೇ ಕೆಲಸವನ್ನು. ಆದರೆ ಆವಿಯಾಗುವುದು ಸುತ್ತಲಿನ ಗಾಳಿಯಲ್ಲಿ ಜಾಗವಿದ್ದರೆ ಮಾತ್ರ. ಸಮುದ್ರದ ಪಕ್ಕದ ಮುಂಬೈಯ ಗಾಳಿ ಕಚೇರಿ ಹೊತ್ತಿನ ಲೋಕಲ್ ಡಬ್ಬಿಯಂತೆ ಆಗಲೇ ತುಂಬಿರುತ್ತದೆ, ಹೊಸ ನೀರಿನ ಕಣಗಳು ಹತ್ತಲು ಹೆಣಗಬೇಕಾಗುತ್ತದೆ.

ಇದನ್ನು ಅಳೆಯಲು ಸರಳ ಉಪಾಯವಿದೆ. ಉಷ್ಣಮಾಪಕದ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ ಗಾಳಿಯಾಡಿಸಿದಾಗ ಅದು ತೋರಿಸುವ ಅಂಕಿಯನ್ನು ಒದ್ದೆ ಬಲ್ಬಿನ ಉಷ್ಣಾಂಶ ಎನ್ನುತ್ತಾರೆ. ಬೆವರಿನಿಂದ ಮೈ ಎಷ್ಟರ ಮಟ್ಟಿಗೆ ತಣಿಯಬಹುದೆಂಬುದರ ಗಡಿ ಅದು. 35 ಡಿಗ್ರಿ ಬಿಸಿಯೂ ಶೇಕಡ 70ರಷ್ಟು ಆರ್ದ್ರತೆಯೂ ಇರುವ ಮುಂಬೈಯ ಒಂದು ಮಧ್ಯಾಹ್ನ ಈ ಅಂಕಿ 30ರ ಹತ್ತಿರ ಇರುತ್ತದೆ. 45 ಡಿಗ್ರಿ ಬಿಸಿಯಿದ್ದು ಆರ್ದ್ರತೆ ಶೇಕಡ 10 ಮಾತ್ರ ಇರುವ ಮರುಭೂಮಿಯಲ್ಲಿ ಅದು 21-22ಕ್ಕೆ ಇಳಿಯುತ್ತದೆ. ಅಂದರೆ ತಣಿಸುವ ಯಂತ್ರ ಮರುಭೂಮಿಯಲ್ಲಿಯೇ ಚೆನ್ನಾಗಿ ಓಡುತ್ತದೆ, ಆದರೆ ಅದಕ್ಕೆ ಹಾಕಬೇಕಾದ ಇಂಧನ ನೀರು. ಬಿಸಿಲಿನಲ್ಲಿ ದುಡಿಯುವ ಮನುಷ್ಯ ಗಂಟೆಗೆ ಒಂದು ಲೀಟರಿಗೂ ಹೆಚ್ಚು ಬೆವರು ಸುರಿಸಬಲ್ಲ. ಬಾವಿ ಹತ್ತು ಹರಿದಾರಿ ದೂರದಲ್ಲಿರುವ ಕಡೆ ಈ ಖರ್ಚನ್ನು ಯಾರೂ ತಾಳಲಾರರು. ಮರುಭೂಮಿಯ ಗಿಡ ಮತ್ತು ಪ್ರಾಣಿಗಳ ಎಲ್ಲ ಉಪಾಯಗಳೂ ಕಡಿಮೆ ನೀರು ಸುಟ್ಟು ಬಿಸಿಯನ್ನು ನಿಭಾಯಿಸುವ ಉಪಾಯಗಳೇ.

ಎಲೆಯ ಕಿಟಕಿ ಯಾವಾಗ ತೆರೆಯಬೇಕು

ಗಿಡಕ್ಕಂತೂ ಸಮಸ್ಯೆ ಇನ್ನೂ ಬಿಗಿಯಾದುದು, ಏಕೆಂದರೆ ಅದರ ಊಟವೂ ನೀರಿನ ನಷ್ಟವೂ ಒಂದೇ ಬಾಗಿಲಲ್ಲಿವೆ. ಎಲೆಯ ಮೈಮೇಲೆ ಕಣ್ಣಿಗೆ ಕಾಣದಷ್ಟು ಚಿಕ್ಕ ಬಾಯಿಗಳಿರುತ್ತವೆ, ಇವೇ ಪತ್ರರಂಧ್ರಗಳು. ಗಾಳಿಯ ಇಂಗಾಲದ ಡೈಆಕ್ಸೈಡ್ ಒಳಬರುವುದು ಇವುಗಳ ಮೂಲಕ, ಒಳಗಿನ ನೀರು ಆವಿಯಾಗಿ ಹೊರಹೋಗುವುದೂ ಇವುಗಳ ಮೂಲಕವೇ. ಬಿಸಿಲಿರುವಾಗ ತೆರೆದರೆ ನೀರು ಹೋಗುತ್ತದೆ, ಮುಚ್ಚಿದರೆ ಹಸಿವು. ಸಾಮಾನ್ಯ ಗಿಡವೊಂದು ಬೇರಿನಿಂದ ಹೀರುವ ನೀರಿನಲ್ಲಿ ಶೇಕಡ 95ಕ್ಕೂ ಹೆಚ್ಚು ಭಾಗ ಹೀಗೆಯೇ ಗಾಳಿಯ ಪಾಲಾಗುತ್ತದೆ.

ಇದಕ್ಕೆ ಕೆಲವು ಗಿಡಗಳು ಕಂಡುಕೊಂಡ ಪರಿಹಾರವನ್ನು ನೋಡಲು ರಾಜಸ್ಥಾನಕ್ಕೆ ಹೋಗಬೇಕಿಲ್ಲ. ಮುಂಬೈಯ ಅನೇಕ ಕನ್ನಡಿಗರ ಮನೆಗಳಲ್ಲಿ ಕಿಟಕಿಯ ಗ್ರಿಲ್ಲಿನೊಳಗೆ ತುಳಸಿಯ ಪಕ್ಕದಲ್ಲಿ ಒಂದು ಕಾಡುಬಸಳೆಯ ಕುಂಡವಿರುತ್ತದೆ. ಎಲೆಯ ಅಂಚಿನಿಂದಲೇ ಮರಿಗಿಡ ಹುಟ್ಟುವ, ಮರಾಠಿಯವರು ಪಾನಫುಟಿ ಎನ್ನುವ, ಮೂತ್ರಕಲ್ಲಿಗೆ ಮದ್ದೆಂದು ಹಿರಿಯರು ನೆಟ್ಟ ಗಿಡವದು. ಅದರ ಎಲೆಯ ತುದಿಯನ್ನು ಬೆಳಿಗ್ಗೆ ಆರು ಗಂಟೆಗೆ ಚಿವುಟಿ ನಾಲಿಗೆಗೆ ಮುಟ್ಟಿಸಿದಾಗ ಹುಣಸೆಚಿಗುರಿನಂಥ ಹುಳಿ ಸಿಕ್ಕಿತು. ಅದೇ ಗಿಡದ ಇನ್ನೊಂದು ಎಲೆಯ ತುದಿಯಲ್ಲಿ ಮಧ್ಯಾಹ್ನ ಎರಡಕ್ಕೆ ಹುಳಿಯೇ ಇರಲಿಲ್ಲ, ಬರೀ ಸಪ್ಪೆ. (ರುಚಿ ನೋಡುವುದಾದರೆ ಸಾಸಿವೆಯಷ್ಟು ಸಾಕು, ನೋಡಿ ಉಗುಳಿಬಿಡುವುದು ಲೇಸು. ಈ ಕುಲದ ಗಿಡಗಳಲ್ಲಿ ಹೃದಯಕ್ಕೆ ಒಗ್ಗದ ಅಂಶಗಳಿವೆ.)

ಈ ಹುಳಿಯ ಏರಿಳಿತವನ್ನು ಮೊದಲು ಬರೆದಿಟ್ಟವರಲ್ಲಿ ಬೆಂಜಮಿನ್ ಹೇನ್ ಒಬ್ಬ. ಈಸ್ಟ್ ಇಂಡಿಯಾ ಕಂಪನಿಯ ಸಸ್ಯವಿಜ್ಞಾನಿಯಾಗಿ ದಕ್ಷಿಣ ಭಾರತದಲ್ಲಿದ್ದ ಈತ ಟಿಪ್ಪುವಿನ ಪತನದ ನಂತರ ಕೆಲಕಾಲ ಬೆಂಗಳೂರಿನ ಲಾಲ್‌ಬಾಗನ್ನೂ ನೋಡಿಕೊಂಡಿದ್ದ. ಕಾಡುಬಸಳೆಯ ಎಲೆ ಬೆಳಿಗ್ಗೆ ಹುಳಿಯಾಗಿಯೂ ಮಧ್ಯಾಹ್ನ ಸಪ್ಪೆಯಾಗಿಯೂ ಇರುತ್ತದೆಂದು ಅವನು ಬರೆದ ಪತ್ರ ಲಂಡನ್ನಿನಲ್ಲಿ 1815ರಲ್ಲಿ ಅಚ್ಚಾಯಿತು. ಕಾರಣ ತಿಳಿದದ್ದು ಬಹಳ ತಡವಾಗಿ. ಈ ಗಿಡ ಹಗಲೆಲ್ಲ ಪತ್ರರಂಧ್ರಗಳನ್ನು ಮುಚ್ಚಿಕೊಂಡಿದ್ದು, ಗಾಳಿ ತಣ್ಣಗಾಗುವ ರಾತ್ರಿಯಲ್ಲಿ ತೆರೆಯುತ್ತದೆ. ಆಗ ಒಳಬಂದ ಇಂಗಾಲದ ಡೈಆಕ್ಸೈಡನ್ನು ಮ್ಯಾಲಿಕ್ ಆಮ್ಲವಾಗಿ ಮಾರ್ಪಡಿಸಿ ಎಲೆಯ ಕೋಶಗಳಲ್ಲಿ ಕೂಡಿಡುತ್ತದೆ. ಹಸಿ ಸೇಬಿನ ಹುಳಿಯೂ ಇದೇ ಆಮ್ಲದ್ದು. ಬೆಳಗಾಗಿ ಬಿಸಿಲು ಬಂದ ಮೇಲೆ ಕಿಟಕಿ ಮುಚ್ಚಿಕೊಂಡೇ ಆ ಆಮ್ಲದಿಂದ ಇಂಗಾಲವನ್ನು ಬಿಡಿಸಿ ಸಕ್ಕರೆ ತಯಾರಿಸುತ್ತದೆ, ಸಂಜೆಯ ಹೊತ್ತಿಗೆ ದಾಸ್ತಾನು ಖಾಲಿಯಾಗಿರುತ್ತದೆ. ನಸುಕಿನ ನಾಲ್ಕಕ್ಕೆ ಮಾತ್ರ ನಲ್ಲಿ ಬರುವ ಚಾಳಿನ ಮನೆಯವರು ಆಗಲೇ ಎದ್ದು ಪಿಂಪು ತುಂಬಿಸಿಟ್ಟುಕೊಂಡು ದಿನವಿಡೀ ಅದರಲ್ಲೇ ಸುಧಾರಿಸುವ ಹಾಗೆ. ವಿಜ್ಞಾನಿಗಳು ಇದನ್ನು ಸಂಕ್ಷೇಪವಾಗಿ ಕ್ಯಾಮ್ ಎನ್ನುತ್ತಾರೆ. ಪಾಪಾಸುಕಳ್ಳಿ, ಕತ್ತಾಳೆ, ಲೋಳೆಸರ, ಅನಾನಸು, ಈಚೆಗೆ ಎಲ್ಲ ಹಣ್ಣಿನಂಗಡಿಗಳಲ್ಲೂ ಕಾಣುವ ಡ್ರಾಗನ್ ಫ್ರೂಟ್ ಇವೆಲ್ಲ ಈ ಪಂಗಡದವೇ. ಬೆಳವಣಿಗೆ ನಿಧಾನ ಎಂಬುದು ಈ ಉಳಿತಾಯಕ್ಕೆ ತೆರುವ ಬೆಲೆ.

ಬನ್ನಿ, ಎಕ್ಕ, ಕಳ್ಳಿ

ದಸರೆಯಲ್ಲಿ ನಮ್ಮ ಮರಾಠಿ ನೆರೆಯವರು ಆಪಟಾ ಎಲೆಯನ್ನು ಬಂಗಾರವೆಂದು ಕೈಗಿಡುತ್ತಾರೆ. ಉತ್ತರ ಕರ್ನಾಟಕದವರು ‘ಬನ್ನಿ ತೊಗೊಂಡು ಬಂಗಾರದ್ಹಂಗ ಇರೋಣ’ ಎಂದು ಕೊಡುವ ಎಲೆ ಬೇರೆ, ಅದು ಥಾರಿನ ಖೇಜಡಿ ಮರದ್ದೇ. ಪ್ರೊಸೋಪಿಸ್ ಸಿನರೇರಿಯ ಎಂಬ ಈ ಒಂದೇ ಜಾತಿ ಕರ್ನಾಟಕದಲ್ಲಿ ಬನ್ನಿ, ಮಹಾರಾಷ್ಟ್ರದಲ್ಲಿ ಶಮಿ, ರಾಜಸ್ಥಾನದಲ್ಲಿ ರಾಜ್ಯವೃಕ್ಷ. ಕೈಯಲ್ಲಿ ಹಿಡಿದ ಬನ್ನಿಯ ಎಸಳು ಎಷ್ಟು ಚಿಕ್ಕದೆಂದು ಯೋಚಿಸಿದರೆ ಅದರ ಒಂದು ಗುಟ್ಟು ತಿಳಿಯುತ್ತದೆ. ಅಗಲವಾದ ಎಲೆಯ ಮೇಲೆ ಬಿಸಿಗಾಳಿಯ ಪದರ ಕದಲದೆ ಕೂರುತ್ತದೆ, ಪುಟ್ಟ ಎಸಳನ್ನು ಸಣ್ಣ ಗಾಳಿಯೂ ತಣಿಸಿಬಿಡುತ್ತದೆ, ಬೆವರುವ ಅಗತ್ಯ ಬೀಳುವುದಿಲ್ಲ. ಇನ್ನೊಂದು ಗುಟ್ಟು ನೆಲದೊಳಗಿದೆ. ಮಳೆಗೆ ಮೊದಲಿನ ಕಡುಬೇಸಿಗೆಯಲ್ಲಿಯೇ ಬನ್ನಿ ಚಿಗುರುವುದು ಆಳದ ತೇವಕ್ಕೆ ಅದರ ತಾಯಿಬೇರು ಮುಟ್ಟಿರುವುದರಿಂದ. ಈ ಕುಲದ ಬೇರು ಎಷ್ಟು ಇಳಿಯಬಲ್ಲದೆಂಬುದಕ್ಕೆ ಅಮೆರಿಕದ ಅರಿಝೋನಾದ ತೆರೆದ ಗಣಿಯೊಂದರಲ್ಲಿ ಸಾಕ್ಷಿ ಸಿಕ್ಕಿದೆ. ಬನ್ನಿಯ ಕುಲದ್ದೇ ಎನ್ನುವ ಬಳ್ಳಾರಿ ಜಾಲಿಯ ಬೇರು ಅಲ್ಲಿ ಸುಮಾರು 53 ಮೀಟರ್ ಆಳದಲ್ಲಿ ಕಂಡಿತ್ತು. ಹದಿನೇಳು ಮಹಡಿಯ ಟವರನ್ನು ತಲೆಕೆಳಗಾಗಿ ನೆಲದಲ್ಲಿ ಹೂತರೆ ಅಷ್ಟಾಗುತ್ತದೆ.

ಎಕ್ಕದ ಗಿಡವನ್ನು ಲೋಕಲ್ ರೈಲಿನ ಕಿಟಕಿಯಿಂದಲೇ ನೋಡಬಹುದು. ಶನಿವಾರ ಮಾರುತಿಗೆ ಹಾಕುವ ರುಯಿಯ ಹಾರ ಇದರ ಎಲೆಯದೇ. ಥಾರಿನಲ್ಲೂ ಹೇರಳವಾಗಿರುವ ಇದರ ಎಲೆಯನ್ನು ಬೆರಳಿನಿಂದ ಒರೆಸಿದರೆ ಬಿಳಿಯ ಹುಡಿ ಅಂಟುತ್ತದೆ. ಬಿಸಿಲನ್ನು ಹಿಂದಕ್ಕೆ ಎಸೆಯುವ, ನೀರನ್ನು ಒಳಗೇ ತಡೆಯುವ ಹೊದಿಕೆ ಅದು.

ಕಳ್ಳಿಯ ವಿಷಯದಲ್ಲಿ ಒಂದು ಗೊಂದಲ ಸಾಮಾನ್ಯವಾಗಿದೆ. ಪುಣೆಯ ಸುತ್ತಲಿನ ಕೋಟೆಗಳನ್ನು ಹತ್ತುವಾಗ ಕಾಣುವ, ಮುರಿದರೆ ಹಾಲು ಸುರಿಸುವ ಕಳ್ಳಿ ಯುಫೋರ್ಬಿಯಾ ಕುಲದ್ದು, ಏಷ್ಯಾ, ಆಫ್ರಿಕಗಳ ಕಡೆಯದು. ಪಾಪಾಸುಕಳ್ಳಿ ಮತ್ತು ಅದರ ಬಂಧುಗಳಾದ ಕ್ಯಾಕ್ಟಸ್‌ಗಳು ಅಮೆರಿಕ ಖಂಡಗಳ ಮೂಲದವು. ಎರಡಕ್ಕೂ ರಕ್ತಸಂಬಂಧವಿಲ್ಲ, ಮರಾಠಿಯಲ್ಲಿ ಎರಡನ್ನೂ ನಿವಡುಂಗ ಎಂದೇ ಕರೆಯುವುದುಂಟು. ಒಂದೇ ಬಗೆಯ ಕಷ್ಟ ಎರಡು ಬೇರೆ ವಂಶಗಳನ್ನು ಒಂದೇ ರೂಪಕ್ಕೆ ತಂದಿದೆ: ಎಲೆಯನ್ನು ಬಿಟ್ಟುಕೊಟ್ಟು, ಅಡುಗೆಯ ಕೆಲಸವನ್ನು ಹಸಿರು ಕಾಂಡಕ್ಕೆ ಒಪ್ಪಿಸಿ, ಅದೇ ಕಾಂಡವನ್ನು ನೀರಿನ ಟಾಕಿಯಾಗಿಸಿ, ಟಾಕಿಗೆ ಮುಳ್ಳಿನ ಕಾವಲು ಹಾಕಿಕೊಂಡಿವೆ. ಸೊನೋರಾ ಮರುಭೂಮಿಯ ದೈತ್ಯ ಸಗ್ವಾರೊ ಕ್ಯಾಕ್ಟಸ್ಸಿನ ಕಾಂಡದಲ್ಲಿ ಹಾರ್ಮೋನಿಯಮ್ಮಿನ ತಿದಿಯಂಥ ಮಡಿಕೆಗಳಿದ್ದು, ಮಳೆ ಬಂದಾಗ ಅವು ಬಿಚ್ಚಿಕೊಂಡು ಕಾಂಡ ಉಬ್ಬುತ್ತದೆ. ಬನ್ನಿಗೆ ವಿರುದ್ಧವಾಗಿ ಇದರ ಬೇರು ನೆಲದ ಮೇಲ್ಪದರದಲ್ಲೇ ದೂರದವರೆಗೆ ಹರಡಿರುತ್ತದೆ, ಬಿದ್ದ ಹನಿ ಇಂಗಿ ಹೋಗುವ ಮೊದಲೇ ಹೀರುವುದಕ್ಕಾಗಿ.

ಇನ್ನು ಕೆಲವು ಗಿಡಗಳು ಬರಗಾಲವನ್ನು ಎದುರಿಸುವುದೇ ಇಲ್ಲ, ಅದು ಮುಗಿಯುವವರೆಗೆ ಬೀಜವಾಗಿ ಮಲಗಿಬಿಡುತ್ತವೆ. ಅಂಥ ಹಲವು ಬೀಜಗಳ ಸಿಪ್ಪೆಯಲ್ಲಿ ಮೊಳಕೆಯನ್ನು ತಡೆಯುವ ರಾಸಾಯನಿಕವಿರುತ್ತದೆ, ನಾಲ್ಕು ಹನಿಗೆ ಅದು ಹೋಗುವುದಿಲ್ಲ, ಚೆನ್ನಾಗಿ ತೊಳೆದುಹೋಗುವಷ್ಟು ಮಳೆ ಬಿದ್ದರೆ ಮಾತ್ರ ಬೀಜ ಎಚ್ಚರಗೊಳ್ಳುತ್ತದೆ. ಪೂರ್ತಿ ಒಣಗಿ ಸತ್ತಂತಿದ್ದು ನೀರು ಬಿದ್ದೊಡನೆ ಹಸಿರಾಗುವ ಗಿಡಗಳೂ ಇವೆ. ಪುಣೆಯ ಆಘಾರಕರ್ ಸಂಶೋಧನಾ ಸಂಸ್ಥೆಯವರು ಪಶ್ಚಿಮ ಘಟ್ಟಗಳ ಬಂಡೆಗಳ ಮೇಲೆಯೇ ಇಂಥ 62 ಜಾತಿಗಳನ್ನು ಗುರುತಿಸಿದ್ದಾರೆ. ಎಂಟು ತಿಂಗಳು ಒಣಗಿ ಕಾಯುವ ಬಂಡೆಯೂ ಒಂದು ಪುಟ್ಟ ಮರುಭೂಮಿಯೇ.

ಒಂಟೆ ಬೆವರುವುದನ್ನು ಮುಂದೂಡುತ್ತದೆ

ಒಂಟೆಯ ಡುಬ್ಬದಲ್ಲಿ ನೀರಿದೆ ಎಂದು ಬಾಲ್ಯದಲ್ಲಿ ಕೇಳದವರಿಲ್ಲ. ಅದರಲ್ಲಿರುವುದು ಕೊಬ್ಬು. ಕೊಬ್ಬು ದೇಹದಲ್ಲಿ ಉರಿದಾಗ ನೀರು ಹುಟ್ಟುವುದು ನಿಜವಾದರೂ, ಆ ಉರಿಗೆ ಬೇಕಾದ ಆಮ್ಲಜನಕಕ್ಕಾಗಿ ಒಣಗಾಳಿಯನ್ನು ಉಸಿರಾಡಿದಾಗ ಶ್ವಾಸಕೋಶದಿಂದ ಅಷ್ಟೇ ನೀರು ಹೊರಹೋಗುವುದರಿಂದ ಕೊನೆಗೆ ಲಾಭವೇನೂ ಉಳಿಯುವುದಿಲ್ಲ. ಕೊಬ್ಬನ್ನೆಲ್ಲ ಬೆನ್ನಿನ ಮೇಲೆ ಒಂದೆಡೆ ಗುಡ್ಡೆ ಹಾಕಿರುವುದರಿಂದ ಉಳಿದ ಮೈಯ ಚರ್ಮ ಶಾಖವನ್ನು ಸಲೀಸಾಗಿ ಬಿಟ್ಟುಕೊಡಬಲ್ಲದು ಎಂಬುದು ಒಂದು ಅನುಕೂಲ.

ಒಂಟೆಯ ನಿಜವಾದ ಗುಟ್ಟನ್ನು 1950ರ ದಶಕದಲ್ಲಿ ಕ್ನೂಟ್ ಶ್ಮಿಟ್-ನೀಲ್ಸನ್ ಎಂಬ ಶರೀರವಿಜ್ಞಾನಿ ಸಹಾರಾದಲ್ಲಿ ಕುಳಿತು ಅಳೆದು ತೋರಿಸಿದರು. ನಮ್ಮ ಮೈಬಿಸಿ 37ರಿಂದ 40ಕ್ಕೆ ಏರಿದರೆ ಅದನ್ನು ಜ್ವರವೆಂದು ಮಲಗುತ್ತೇವೆ. ನೀರು ಸಿಗದ ಒಂಟೆಯ ಮೈಬಿಸಿ ನಸುಕಿನಲ್ಲಿ 34 ಡಿಗ್ರಿಗೆ ಇಳಿದು, ಇಳಿಹೊತ್ತಿಗೆ 40 ಡಿಗ್ರಿ ದಾಟುತ್ತದೆ. ಅಲ್ಲಿಯವರೆಗೆ ಅದು ಹೆಚ್ಚಾಗಿ ಬೆವರುವುದಿಲ್ಲ. ಲೆಕ್ಕ ಹಾಕಿ ನೋಡಬಹುದು: 500 ಕಿಲೋ ತೂಕದ ದೇಹ ಆರು ಡಿಗ್ರಿ ಬಿಸಿಯಾಗಲು ಸುಮಾರು 2,400 ಕಿಲೋ ಕ್ಯಾಲರಿ ಬೇಕು. ಅಷ್ಟು ಶಾಖವನ್ನು ಬೆವರಿನಿಂದ ಕಳೆಯಬೇಕಾಗಿದ್ದರೆ ನಾಲ್ಕು ಲೀಟರಿಗೂ ಹೆಚ್ಚು ನೀರು ಹೋಗುತ್ತಿತ್ತು. ಒಂಟೆ ಆ ಶಾಖವನ್ನು ಮೈಯಲ್ಲೇ ಸಾಲವಾಗಿ ಇಟ್ಟುಕೊಂಡು, ರಾತ್ರಿಯ ತಣ್ಣನೆಯ ಆಕಾಶಕ್ಕೆ ಪುಕ್ಕಟೆಯಾಗಿ ತೀರಿಸುತ್ತದೆ. ಮೈ ಬಿಸಿಯಾದಷ್ಟೂ ಹೊರಗಿನ ಗಾಳಿಗೂ ಅದಕ್ಕೂ ಇರುವ ಅಂತರ ಕಡಿಮೆಯಾಗಿ, ಒಳನುಗ್ಗುವ ಶಾಖವೂ ತಗ್ಗುತ್ತದೆ.

ಅದರ ಉಣ್ಣೆಯ ಕೆಲಸವೂ ಮೊದಲ ನೋಟಕ್ಕೆ ವಿಚಿತ್ರವೆನಿಸೀತು. ಉಣ್ಣೆ ಕತ್ತರಿಸಿದ ಒಂಟೆ ಉಣ್ಣೆಯಿರುವ ಒಂಟೆಗಿಂತ ಸುಮಾರು ಒಂದೂವರೆ ಪಟ್ಟು ನೀರು ಕಳೆದುಕೊಂಡಿತೆಂದು ಅದೇ ಅಧ್ಯಯನದಲ್ಲಿ ಕಂಡುಬಂತು. ಮೀನು ಮಾರುಕಟ್ಟೆಯಲ್ಲಿ ಐಸ್ ಗಡ್ಡೆಯನ್ನು ಗೋಣಿಯಿಂದ ಸುತ್ತುವುದು ಅದನ್ನು ಬೆಚ್ಚಗಿಡಲು ಅಲ್ಲವಷ್ಟೆ. ಉಣ್ಣೆಯೂ ಹೊರಗಿನ ಬಿಸಿಯನ್ನು ಹೊರಗೇ ನಿಲ್ಲಿಸುತ್ತದೆ. ಮೂಗಿನೊಳಗೆ ಸುರುಳಿಯಾದ ಪೊರೆಗಳಿದ್ದು, ಹೊರಬರುವ ಉಸಿರಿನ ತೇವ ಅನ್ನದ ಪಾತ್ರೆಯ ಮುಚ್ಚಳದಲ್ಲಿ ಕೂಡುವ ಹನಿಗಳಂತೆ ಅಲ್ಲೇ ಕೂಡಿ ಒಳಗೆ ಉಳಿಯುತ್ತದೆ. ದೇಹದ ತೂಕದ ಕಾಲುಭಾಗದಷ್ಟು ನೀರು ಹೋದರೂ ಒಂಟೆ ನಡೆಯಬಲ್ಲದು. ಬಿಸಿಲಿನಲ್ಲಿ ಅದರ ಅರ್ಧದಷ್ಟು ನಷ್ಟವೇ ಮನುಷ್ಯನಿಗೆ ಮಾರಕ, ಏಕೆಂದರೆ ನಮ್ಮ ರಕ್ತ ಗಟ್ಟಿಯಾಗಿ ಹೃದಯ ಅದನ್ನು ತಳ್ಳಲಾರದಾಗುತ್ತದೆ. ಒಂಟೆ ರಕ್ತದ ನೀರನ್ನು ಕಾಯ್ದುಕೊಂಡು ಉಳಿದ ಅಂಗಾಂಶಗಳಿಂದ ಖರ್ಚು ಮಾಡುತ್ತದೆ. ನೀರು ಸಿಕ್ಕಾಗ ಹತ್ತು ಹದಿನೈದು ನಿಮಿಷಗಳಲ್ಲಿ ನೂರು ಲೀಟರ್ ಕುಡಿದರೂ ಅದರ ಅಂಡಾಕಾರದ ಕೆಂಪು ರಕ್ತಕಣಗಳು ಎರಡು ಪಟ್ಟಿಗೂ ಮೀರಿ ಉಬ್ಬಿ ತಾಳಿಕೊಳ್ಳುತ್ತವೆ, ಒಡೆಯುವುದಿಲ್ಲ.

ಕುಡಿಯದೆ ಬದುಕುವ ಇಲಿ

ಒಂಟೆಯ ಉಪಾಯ ದೊಡ್ಡ ಮೈಯವರಿಗೆ ಮಾತ್ರ ಸಾಧ್ಯ. ಇಲಿಯಂಥ ಪುಟ್ಟ ಪ್ರಾಣಿ ಬಿಸಿಲಿಗೆ ಬಂದರೆ ನಿಮಿಷಗಳಲ್ಲಿ ಕಾದುಹೋಗುತ್ತದೆ, ಬೆವರಲು ಅದರಲ್ಲಿರುವ ನೀರೂ ಬೊಗಸೆಯಷ್ಟೇ. ಆದ್ದರಿಂದ ಅದು ಬಿಸಿಲನ್ನೇ ತಪ್ಪಿಸುತ್ತದೆ. ಬೇಸಿಗೆಯ ಮಧ್ಯಾಹ್ನ ಮರಳಿನ ಮೇಲ್ಮೈ 60 ಡಿಗ್ರಿ ದಾಟಿದಾಗಲೂ ಅರ್ಧ ಮೀಟರ್ ಕೆಳಗೆ ಹಗಲು ರಾತ್ರಿಗಳ ವ್ಯತ್ಯಾಸ ಅಷ್ಟಾಗಿ ತಟ್ಟುವುದಿಲ್ಲ. ಬಿಲದೊಳಗೆ ಉಸಿರಿನ ತೇವವೂ ನಿಲ್ಲುತ್ತದೆ.

ಅಮೆರಿಕದ ಮರುಭೂಮಿಗಳ ಕಾಂಗರೂ ಇಲಿ ಜೀವಮಾನವೆಲ್ಲ ಒಂದು ಹನಿ ನೀರು ಕುಡಿಯದೆ ಒಣ ಕಾಳು ತಿಂದೇ ಬದುಕಬಲ್ಲದು. ಒಣ ಕಾಳಿನಿಂದ ನೀರು ಬರುವುದೆಂದರೆ ಮಂತ್ರವೆನಿಸಬಹುದು. ತಣ್ಣಗಿನ ಸ್ಟೀಲ್ ಪಾತ್ರೆಯನ್ನು ಗ್ಯಾಸ್ ಒಲೆಯ ಮೇಲಿಟ್ಟ ಮೊದಲ ಕ್ಷಣಗಳಲ್ಲಿ ಅದರ ತಳದ ಹೊರಮೈಯಲ್ಲಿ ಮಂಜು ಕಟ್ಟುವುದನ್ನು ನೋಡಿದವರಿಗೆ ಇದು ಅರ್ಥವಾಗುತ್ತದೆ. ಗ್ಯಾಸಿನಲ್ಲಿರುವ ಜಲಜನಕ ಆಮ್ಲಜನಕದೊಡನೆ ಸೇರಿ ಉರಿಯುವಾಗ ನೀರು ಹುಟ್ಟುತ್ತದೆ, ಪಿಷ್ಟ ದೇಹದಲ್ಲಿ ನಿಧಾನವಾಗಿ ಉರಿಯುವಾಗಲೂ ಹುಟ್ಟುತ್ತದೆ. ನೂರು ಗ್ರಾಂ ಬಾರ್ಲಿಯಿಂದ ಹೀಗೆ ಸುಮಾರು 54 ಗ್ರಾಂ ನೀರು ಸಿಗುತ್ತದೆ. ನಾವು ಅನ್ನ ಉಂಡಾಗ ನಮ್ಮಲ್ಲೂ ಈ ನೀರು ಬರುತ್ತದೆ, ಆದರೆ ನಮ್ಮ ಖರ್ಚಿಗೆ ಅದು ಎಲ್ಲಿಯೂ ಸಾಲದು. ಕಾಂಗರೂ ಇಲಿಯ ಮೂತ್ರಪಿಂಡ ಮನುಷ್ಯನದಕ್ಕಿಂತ ನಾಲ್ಕೈದು ಪಟ್ಟು ಗಾಢವಾದ ಮೂತ್ರವನ್ನು ತಯಾರಿಸಿ, ನೀರನ್ನು ಒಳಗೇ ಉಳಿಸಿಕೊಳ್ಳುವುದರಿಂದ ಅದರ ಲೆಕ್ಕ ಸರಿಹೋಗುತ್ತದೆ.

ಹೊತ್ತು ನೋಡಿ ಹೊರಡುವವರು

ಆಫ್ರಿಕದ ಒರಿಕ್ಸ್ ಎಂಬ ಜಿಂಕೆಯ ಬಂಧು ಒಣಗಿದ ಎಲೆಗಳನ್ನು ರಾತ್ರಿ ಹೊತ್ತು ಮೇಯುತ್ತದೆ. ಮಳೆಗಾಲದಲ್ಲಿ ಡಬ್ಬಿಯ ಮುಚ್ಚಳ ಸಡಿಲವಾದರೆ ಹಪ್ಪಳ ಮೆತ್ತಗಾಗುವುದನ್ನು ಮುಂಬೈಯವರಿಗೆ ಹೇಳಿಕೊಡಬೇಕಿಲ್ಲ. ಹಗಲಲ್ಲಿ ಹುಡಿಯಾಗುವಂತಿರುವ ಎಲೆಗಳೂ ರಾತ್ರಿಯ ತಂಪಿನಲ್ಲಿ ಗಾಳಿಯ ತೇವ ಹೀರಿ ಹಾಗೆಯೇ ಮೆತ್ತಗಾಗುತ್ತವೆ. ಹೊತ್ತು ಬದಲಿಸಿದ್ದಕ್ಕೇ ಒರಿಕ್ಸಿಗೆ ಊಟದೊಡನೆ ನೀರೂ ಸಿಕ್ಕಂತಾಗುತ್ತದೆ.

ಸಹಾರಾದ ಬೆಳ್ಳಿ ಇರುವೆ ಇದಕ್ಕೆ ತದ್ವಿರುದ್ಧವಾಗಿ ನಡುಮಧ್ಯಾಹ್ನವನ್ನೇ ಆರಿಸಿಕೊಂಡಿದೆ. ಅದನ್ನು ತಿನ್ನುವ ಹಲ್ಲಿಗಳು ಬಿಸಿಲು ತಾಳಲಾರದೆ ಬಿಲ ಸೇರಿದ ಮೇಲೆ, ಬಿಸಿಗೆ ಸತ್ತ ಕೀಟಗಳನ್ನು ಹೆಕ್ಕಲು ಕೆಲವೇ ನಿಮಿಷಗಳ ಕಾಲ ಹೊರಬರುತ್ತದೆ. ಸ್ವತಃ ಅದರ ಮಿತಿಯೂ 53 ಡಿಗ್ರಿಯ ಆಸುಪಾಸಿನದೇ. ಮೈಮೇಲಿನ ಬೆಳ್ಳಿಬಣ್ಣದ ಕೂದಲುಗಳು ಮುಕ್ಕೋನಾಕಾರದವಾಗಿದ್ದು ಬಿಸಿಲನ್ನು ಚದುರಿಸುತ್ತವೆಂದು 2015ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು.

ಪುಣೆಯ ಪೂರ್ವದ ಹುಲ್ಲುಗಾವಲುಗಳಲ್ಲಿ ಪಕ್ಷಿವೀಕ್ಷಕರು ಹುಡುಕುವ ಸ್ಯಾಂಡ್‌ಗ್ರೌಸ್ ಹಕ್ಕಿಗಳ ಬಂಧುವೊಂದು ಆಫ್ರಿಕದ ಕಲಹಾರಿ ಮರುಭೂಮಿಯಲ್ಲಿದೆ. ಅದರ ಮರಿಗಳಿರುವುದು ನೀರಿನಿಂದ ಮೂವತ್ತು ಕಿಲೋಮೀಟರ್ ದೂರದಲ್ಲೂ ಇರಬಹುದು. ಗಂಡುಹಕ್ಕಿ ಕೊಳಕ್ಕಿಳಿದು ಹೊಟ್ಟೆಯ ಗರಿಗಳನ್ನು ನೆನೆಸಿಕೊಳ್ಳುತ್ತದೆ. ಸುರುಳಿಯಾದ ಆ ಗರಿಯೆಳೆಗಳು ಒದ್ದೆಯಾದಾಗ ಬಿಚ್ಚಿಕೊಂಡು ಸ್ಪಂಜಿನಂತೆ ನೀರು ಹಿಡಿಯುತ್ತವೆ, ಸುಮಾರು 25 ಮಿಲಿಲೀಟರ್. ದಾರಿಯಲ್ಲಿ ಒಂದಷ್ಟು ಗಾಳಿಗೆ ಹೋಗುತ್ತದೆ, ಉಳಿದದ್ದನ್ನು ಮರಿಗಳು ಗರಿಯನ್ನು ಕೊಕ್ಕಿನಲ್ಲಿ ಹಿಂಡಿ ಕುಡಿಯುತ್ತವೆ.

ಜುಲೈಯಲ್ಲಿ ಕೊಳೆಯುವ ಕಳ್ಳಿ

ನರ್ಸರಿಯಿಂದ ತಂದ ಪುಟ್ಟ ಕ್ಯಾಕ್ಟಸ್ ಮೇ ತಿಂಗಳ ಬಿಸಿಲನ್ನು ಲೆಕ್ಕಿಸದೆ ನಿಂತು, ಜುಲೈಯ ಎರಡನೆಯ ವಾರದಲ್ಲಿ ಬುಡ ಮೆತ್ತಗಾಗಿ ವಾಲಿತೆಂದು ಇಲ್ಲಿನ ಗಿಡಪ್ರಿಯರು ದೂರುವುದುಂಟು. ಮೇಲಿನದೆಲ್ಲವನ್ನೂ ನೋಡಿದ ಮೇಲೆ ಕಾರಣ ಸುಲಭವಾಗಿ ಹೊಳೆಯುತ್ತದೆ. ಬಿದ್ದ ನೀರನ್ನು ತಡಮಾಡದೆ ಹೀರುವುದಕ್ಕೆಂದೇ ಬೆಳೆದ ಬೇರು, ನೀರು ಬಿಟ್ಟುಕೊಡಬಾರದೆಂದೇ ಮೇಣ ಹಚ್ಚಿಕೊಂಡ ಕಾಂಡ, ಹಗಲೆಲ್ಲ ಮುಚ್ಚಿಯೇ ಇರುವ ಪತ್ರರಂಧ್ರ: ನೀರು ಒಳಬರುವ ದಾರಿ ಅಗಲ, ಹೊರಹೋಗುವ ದಾರಿ ಇಕ್ಕಟ್ಟು. ವಾರಗಟ್ಟಲೆ ನೆನೆದ ಮಣ್ಣಿನಲ್ಲಿ ಗಾಳಿಯಿಲ್ಲದೆ ಬೇರು ಉಸಿರುಗಟ್ಟುತ್ತದೆ, ಬೂಷ್ಟು ಒಳಹೊಗುತ್ತದೆ. ಅಂಥ ಗಿಡಕ್ಕೆ ಅರ್ಧದಷ್ಟು ದಪ್ಪ ಮರಳು ಬೆರೆಸಿದ ಮಣ್ಣು, ತಳದಲ್ಲಿ ತೂತಿರುವ ಮಣ್ಣಿನ ಕುಂಡ ಬೇಕು. ಜೂನ್ ಮೊದಲ ವಾರದಲ್ಲೇ ಅದನ್ನು ಗ್ರಿಲ್ಲಿನಿಂದ ಎತ್ತಿ ಮಳೆಯ ಇರಚಲು ತಾಗದ, ಬೆಳಕಿರುವ ಕಿಟಕಿಯ ಒಳಬದಿಗೆ ಇಟ್ಟು, ಮಣ್ಣು ಪೂರ್ತಿ ಒಣಗುವವರೆಗೆ ನೀರು ಹಾಕದಿದ್ದರೆ ಗಣೇಶ ಚೌತಿ ಕಳೆದ ಮೇಲೆ ಮತ್ತೆ ಹೊರಗಿಡಬಹುದು.